ವಿಪತ್ತಿನ ಕಾರ್ಡುಗಳು

ಸಾವಿನ ಸುದ್ದಿಯನ್ನು ತಂದ ಕಾಗದವನ್ನು ಓದಿದೊಡನೆ ಹರಿದೊಗೆಯಬೇಕು, ಮನೆಯೊಳಗಿಡಕೂಡದು ಎಂಬ ಪದ್ಧತಿಯು ನಮ್ಮ ಮನೆಯಲ್ಲುಂಟು. ವಾಚಕರ ಮನೆಗಳಲ್ಲಿಯೂ ಇದ್ದೀತು. ಹೀಗಿರಲು, ಭೂಕಂಪ, ನೆರೆ, ಬೆಂಕಿಗಳ ಚಿತ್ರವುಳ್ಳ ಹಳೆಯ ಅಂಚೆ ಕಾರ್ಡುಗಳನ್ನು ನಾವು ಕೊಂಡುತಂದು ಪುಸ್ತಕದಲ್ಲಿ ಜೋಡಿಸುತ್ತಿರುವುದನ್ನು ಕಂಡ ನಮ್ಮ ದೊಡ್ಡಮ್ಮನವರು, "ಯಾರದೋ ಸೂತಕವನ್ನು ದುಡ್ಡು ಕೊಟ್ಟು ಮನೆಗೆ ತರುವರೇನಪ್ಪಾ?" ಎಂದು ಕೇಳಿದರು. ಆಗ ನಮಗೆ ಉತ್ತರವು ತೋಚಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ವರುಷಗಳಲ್ಲಿ ಐರೋಪ್ಯ ದೇಶಗಳಲ್ಲಾಗಲಿ ಅಮೆರಿಕಾದಲ್ಲಾಗಲಿ ಅನಾಹುತವೊದಗಿದರೆ, ಕೆಲವೇ ದಿನಗಳೊಳಗೆ ಅದರ ಛಾಯಾಚಿತ್ರಗಳು ಕಾರ್ಡುಗಳಾಗಿ ಅಂಗಡಿಗೆ ಬರುತ್ತಿದ್ದುವು. 1910ನೆಯ ಜನವರಿಯಲ್ಲಿ ಸೇನ್ ನದಿಯು ಪ್ಯಾರಿಸ್ ಪಟ್ಟಣವನ್ನು ಹೊಕ್ಕಾಗಲಂತೂ ಇಂತಹವು ಲೆಕ್ಕವಿಲ್ಲದಷ್ಟು ಹೊರಟುವು. ಆ ತಿಂಗಳ 28ರಂದು ಆಸ್ಟರ್ಲಿಟ್ಸ್ ಸೇತುವೆಯ ಬಳಿ ನೀರು 8.62 ಮೀಟರಿನವರೆಗೆ ಏರಿತ್ತು; ಆಲ್ಮಾ ಸೇತುವೆಯ ಕಲ್ಲಿನ ಸಿಪಾಯಿಯು ಭುಜದವರೆಗೆ ಮುಳುಗಿದ್ದನು. ನೆಲದಡಿಯ ರೈಲುಮಾರ್ಗ, ಚರಂಡಿಗಳ ಮೂಲಕ ನದಿಗೆ ದೂರವಾದ ಬೀದಿಗಳಲ್ಲಿಯೂ ನೀರು ಕೆಳಗಿನಿಂದಲೇ ಉಕ್ಕಿತು. ನಮ್ಮಲ್ಲಿರುವ ಒಂದು ಕಾರ್ಡಿನಲ್ಲಿ, ಹಲಗೆಗಳನ್ನು ಜೋಡಿಸಿದ ಕಾಲುದಾರಿಯ ಮೇಲೆ ಟೊಪ್ಪಿಗೆಯ ಗೃಹಸ್ಥರು ಸಾಲಾಗಿ ನಡೆಯುತ್ತಿರುವರು. ಹಿಂದೆ ಬರುವ ಹೆಂಗಸು ಲಂಗದ ಅಂಚನ್ನು ಎತ್ತಿ ಹಿಡಿದಿರುವಳು; ಮಳೆಗಾಲದಲ್ಲಿ ನಮ್ಮ ಹೆಂಗಸರು ನೆರಿಗೆ ಎತ್ತುವುದೂ ಹಾಗೆಯೇ ಅಲ್ಲವೇ?

ಕೊಳ್ಳುವವರಿಗೆ ಒಂದೆರಡು ಮಾತು. ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣವು 1906ನೆಯ ಏಪ್ರಿಲ್ 18ರಂದು ಮುಂಜಾನೆ ನಡುಗಿ, ಬಳಿಕ ಮೂರು ದಿನಗಳ ಪರ್ಯಂತ ಉರಿಯಿತು. ಅಮೆರಿಕಾದಲ್ಲಿ 1907ನೆಯ ಮಾರ್ಚ್ 1ರವರೆಗೆ ಕಾರ್ಡಿನ ಹಿಂಬದಿಯಲ್ಲಿ ವಿಳಾಸದ ಹೊರತು ಬೇರೇನನ್ನೂ ಬರೆಯುವಂತಿರಲಿಲ್ಲ; ಒಕ್ಕಣೆಯನ್ನು ಚಿತ್ರದ ಅಂಚಿನಲ್ಲಿಯೇ ತುರುಕಬೇಕಾಗಿತ್ತು. ಆದುದರಿಂದ ಹಿಂಬದಿಯಲ್ಲಿ ಗೆರೆಯೆಳೆದು ಎರಡು ಪಾಲು ಮಾಡಿದ ಕಾರ್ಡನ್ನು, ಬೆಂಕಿಯ ವಾರದಲ್ಲಿಯೇ ಅಚ್ಚಾದುದೆಂದು ಯಾರಾದರೂ ಮಾರಬಂದರೆ ನಂಬಬೇಡಿರಿ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನದೆಂದು ಮಾರಿದ ಕಾರ್ಡುಗಳಲ್ಲಿ ಹಲವು ಅದರ ಜೊತೆಯ ಹಡಗಾದ ಒಲಿಂಪಿಕ್ಕಿನ ಚಿತ್ರಗಳು. ಅಡ್ಡಾಡುವ ಮೇಲಟ್ಟದ ಮುಂದಿನ ಅರ್ಧಕ್ಕೆ ಕಿಟಕಿಗಳ ಮರೆಯಿದ್ದರೆ ಟೈಟಾನಿಕ್. ಉದ್ದಕ್ಕೂ ತೆರೆದಿದ್ದರೆ ಒಲಿಂಪಿಕ್. ನಾವಿದನ್ನು ಕಲಿತದ್ದು ಮೋಸಹೋದ ಮೇಲೆ.

ಅದಿರಲಿ. ಸ್ಯಾನ್ ಫ್ರಾನ್ಸಿಸ್ಕೋದ ಅಂಚೆಯವರು ಆ ದಿನಗಳಲ್ಲಿ ಅಂಚೆಚೀಟಿಯಿಲ್ಲದ ಕಾಗದಗಳನ್ನೂ ಸಾಗಿಸಿದರು. ರಟ್ಟಿನ ತುಂಡು, ಅಂಗಿಯ ಕಫ್, ಪೊಟ್ಟಣದ ಕಾಗದ, ಕೈಗೆ ಸಿಕ್ಕಿದುದರ ಮೇಲೆ ಜನರು ಬರೆದಿದ್ದರು. ಈ ಸಂಗತಿಯನ್ನು ದೊಡ್ಡಮ್ಮನವರಿಗೆ ಹೇಳಿ, ಆ ಊರಿನದೇ ಒಂದು ಕಾರ್ಡಿನ ಅಂಚಿನ ಒಕ್ಕಣೆಯನ್ನು ಓದಿ ತಿಳಿಸಿದೆವು: "ನಾವೆಲ್ಲರೂ ಕ್ಷೇಮ. ಡೇರೆಯಲ್ಲಿದ್ದೇವೆ. ಅಮ್ಮನಿಗೆ ತಿಳಿಸು." ಅವರು ಕನ್ನಡಕವನ್ನು ತೆಗೆದು ಒರಸಿಕೊಂಡು, "ಇದು ಸಾವಿನ ಕಾಗದವಲ್ಲವಪ್ಪಾ, ಕ್ಷೇಮದ ಕಾಗದ. ಇಡು," ಎಂದರು.

ಅಷ್ಟಕ್ಕೆ ಬಿಡಲಿಲ್ಲ. ಒಂದೊಂದನ್ನಾಗಿ ತಿರುವಿ, 1908ನೆಯ ಡಿಸೆಂಬರ್ 28ರ ಮೆಸ್ಸೀನಾ ಭೂಕಂಪದ ಒಂದು ಕಾರ್ಡಿನಲ್ಲಿ ನಿಂತರು. ಅದರಲ್ಲಿ ಹೆಣಗಳನ್ನು ಸಾಲಾಗಿ ಮಲಗಿಸಿದೆ; ಹಿಂಬದಿಯು ಬರಿದು. "ಇದನ್ನು ಯಾರು ಯಾರಿಗೆ ಬರೆದರು?" ಎಂದರು. ಯಾರೂ ಬರೆದಿರಲಿಲ್ಲ. "ಹಾಗಾದರೆ ಹರಿ."

ಹರಿಯಲು ನಮ್ಮ ಕೈ ಬರಲಿಲ್ಲ. ಲಕೋಟೆಯಲ್ಲಿ ಹಾಕಿ ಪಡಸಾಲೆಯ ಕಪಾಟಿನಲ್ಲಿಟ್ಟಿರುವೆವು; ಒಳಮನೆಗೆ ತಂದಿಲ್ಲ.