ಬೊಂಬೆಯೊಳಗಣ ಟ್ಯಾಂಕು

ಅಂಗೈಯಗಲದ ಯಂತ್ರಮಾನವನ ಕೈಕಾಲುಗಳನ್ನು ಮಡಿಸಿದೊಡನೆ ಯುದ್ಧದ ಟ್ಯಾಂಕು ಸಿದ್ಧ! ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಹೆಸರಿನಿಂದ 1984ರಲ್ಲಿ ಅಮೆರಿಕದ ಪೇಟೆಗೆ ಬಂದ ಜಪಾನೀ ಬೊಂಬೆಗಳ ವಂಶದ ಈ ಆಟಿಕೆಯ ರಚನೆಯನ್ನು ನಾವು ಮೆಚ್ಚುತ್ತೇವೆ. ಕೀಲುಗಳಲ್ಲಿ ಹೆಚ್ಚಿನವು ಒಂದೇ ಅಕ್ಷದ ಸುತ್ತ ತಿರುಗುತ್ತವೆ. ತಿರುಗಿದಲ್ಲಿಯೇ ಅವನ್ನು ಹಿಡಿದು ನಿಲ್ಲಿಸುವುದು ಘರ್ಷಣೆ. ಆಕಾರ ಬದಲಾದರೂ ತೂಕ ಬದಲಾಗದು. ಭೌತಶಾಸ್ತ್ರವನ್ನು ಬೆರಳುಗಳಿಗೆ ಕಲಿಸುವ ಸಾಧನವಿದು.

ಆದರೆ ಬೊಂಬೆ ಹೇಳುವುದು ಅರ್ಧ ಕಥೆ ಮಾತ್ರ. ಗಾಲಿಗಳನ್ನು ಸುತ್ತಿ ಹರಿಯುವ ಟ್ಯಾಂಕಿನ ಪಟ್ಟಿಯು ರಣರಂಗಕ್ಕಿಂತ ಮೊದಲು ಹೊಲದಲ್ಲಿ ಓಡಿತ್ತು. ಮೆದುನೆಲದಲ್ಲಿ ಯಂತ್ರವು ಹೂತುಹೋಗದಂತೆ ಅದರ ಭಾರವನ್ನು ಹೆಚ್ಚು ವಿಸ್ತಾರದ ಮೇಲೆ ಹರಡಿ ಒತ್ತಡವನ್ನು ತಗ್ಗಿಸಲು ಕ್ಯಾಲಿಫೋರ್ನಿಯದ ಬೆಂಜಮಿನ್ ಹೋಲ್ಟ್ 1904ರಲ್ಲಿಯೇ ಅಂಥ ಪಟ್ಟಿಯನ್ನು ಪರೀಕ್ಷಿಸಿದ್ದನು. ಟ್ಯಾಂಕು ಕದನಕ್ಕಿಳಿದುದು 1916ರಲ್ಲಿ. ಇಂದು ಕುರ್ಡಿ ಗ್ರಾಮವಿರುವ ಮಾನ್ವಿಯ ಸೀಮೆಯಲ್ಲಿ ಕೆಸರುಗದ್ದೆಗಿಳಿದು ಭತ್ತ ಕೊಯ್ಯುವ ಯಂತ್ರಗಳ ಕೆಳಗಿರುವುದೂ ಇಂಥದೇ ಪಟ್ಟಿ.

ಹೀಗಿರಲು ಯಂತ್ರಮಾನವನು ಟ್ಯಾಂಕೇ ಏಕಾಗಬೇಕು? ಅವೇ ಕೀಲುಗಳಿಂದ ಕೊಯ್ಲಿನ ಯಂತ್ರವೂ ಆಗಬಹುದಷ್ಟೆ. ಯಂತ್ರವೆಂದರೆ ಆಯುಧವೆಂದೇ ಎಳೆಯ ಮನಸ್ಸು ನಂಬಿದರೆ ನಷ್ಟ ವಿಜ್ಞಾನಕ್ಕೂ ಹೌದು, ನಾಡಿಗೂ ಹೌದು. ವಿದ್ಯಾರ್ಥಿಮಿತ್ರರೇ, ತಮ್ಮನ ಕೈಯಿಂದ ಬೊಂಬೆಯನ್ನು ಕಸಿದುಕೊಳ್ಳಬೇಡಿರಿ. ಟ್ಯಾಂಕಿನ ಪೂರ್ವಜನ್ಮದ ಕಥೆಯನ್ನು ಅವನಿಗೆ ಹೇಳಿರಿ.