ತಾತನ ತಾಯಿಯ ಹೆಸರೇನು?

ಮನೆಯ ಯಜಮಾನರು ತೀರಿಕೊಂಡು, ಜಮೀನಿಗೆ ಪೌತಿ ಖಾತೆ ಮಾಡಿಸಬೇಕಾಗಿ ಬಂದಾಗಲೇ ಹಳ್ಳಿಯ ಮನೆಗಳಲ್ಲಿ ವಂಶವೃಕ್ಷದ ನೆನಪಾಗುವುದು. ಶಿರಾ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬುಕ್ಕಾಪಟ್ಟಣವೂ ಇದಕ್ಕೆ ಹೊರತಲ್ಲ. ತಾತ, ಅವನ ಮಕ್ಕಳು, ಮೊಮ್ಮಕ್ಕಳು ಎಂದು ಗೆರೆ ಎಳೆಯುತ್ತಾ ಕುಳಿತ ಅಪ್ಪನನ್ನು ಶಾಲೆಗೆ ಹೋಗುವ ಮಗಳು, "ತಾತನ ತಾಯಿಯ ಹೆಸರೇನಪ್ಪಾ?" ಎಂದು ಕೇಳಿದರೆ ಎಷ್ಟು ಮನೆಗಳಲ್ಲಿ ಉತ್ತರ ಸಿಕ್ಕೀತು?

ಹುಡುಕುವವರಿಗೆ ದಾರಿಗಳಿವೆ. ಮೊದಲನೆಯದು ಪಹಣಿ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅದಕ್ಕಿಂತ ಹಳೆಯವು ಕೈಬರಹದವು. ಖಾತೆದಾರನ ಹೆಸರಿನ ಜೊತೆಗೆ ಅವನ ತಂದೆಯ ಹೆಸರೂ, ಆ ವರ್ಷ ಹೊಲದಲ್ಲಿದ್ದ ಬೆಳೆಯೂ ಅವುಗಳಲ್ಲಿ ಸಿಗುತ್ತವೆ. ಜಮೀನು ಒಬ್ಬರಿಂದ ಒಬ್ಬರಿಗೆ ಬಂದದ್ದು ಪಿತ್ರಾರ್ಜಿತವಾಗಿಯೋ, ಕ್ರಯಕ್ಕೋ, ವಿಭಾಗದಿಂದಲೋ ಎಂಬುದನ್ನು ಮ್ಯುಟೇಷನ್ ರಿಜಿಸ್ಟರು ಹೇಳುತ್ತದೆ.

ಆದರೆ ಮನೆಯೊಳಗಿನ ಬದುಕು ತಿಳಿಯಬೇಕಾದರೆ ಪಾಲುಪಾರಿಕತ್ತನ್ನು ಓದಬೇಕು. ಅಣ್ಣ ತಮ್ಮಂದಿರು ಬೇರೆಯಾಗುವಾಗ ಬರೆಸಿಕೊಂಡ ಈ ಪತ್ರದಲ್ಲಿ ಹೊಲ, ಮನೆಗಳಷ್ಟೇ ಅಲ್ಲ, ಎತ್ತು, ಪಾತ್ರೆ, ಬಾವಿಯ ನೀರಿನ ಸರದಿ, ತೀರಿಸಬೇಕಾದ ಸಾಲ ಇವೂ ಬರುವುದುಂಟು. ವಯಸ್ಸಾದ ತಾಯಿಯ ಅನ್ನ ಬಟ್ಟೆಯ ಹೊಣೆ ಯಾರದು ಎಂಬುದೂ ಒಮ್ಮೊಮ್ಮೆ ಇರುತ್ತದೆ. ಆ ಒಂದು ಸಾಲು ಒಂದು ಸಂಸಾರದ ಕಥೆಯನ್ನೇ ಹೇಳಬಲ್ಲದು.

ಹಳೆಯ ಪತ್ರಗಳಲ್ಲಿ ಇಸವಿಯ ಬದಲು ಸಂವತ್ಸರದ ಹೆಸರು ಕಂಡರೆ ಗಾಬರಿ ಬೇಡ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. 'ಧಾತು' 1876ರಲ್ಲಿ ಬಂತು. ಮತ್ತೆ 1936ರಲ್ಲಿ, 1996ರಲ್ಲಿ ಬಂತು. ಹಿರಿಯರ ಬಾಯಲ್ಲಿ ಉಳಿದ 'ಧಾತು ಈಶ್ವರ ಬರ' 1876ರಿಂದ 1878ರವರೆಗಿನ ಮಹಾಕ್ಷಾಮ. 1871ರ ಖಾನೇಷುಮಾರಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ವಂಶದ ಒಂದು ಕೊಂಬೆ ಆ ಕಾಲದಲ್ಲಿ ಥಟ್ಟನೆ ನಿಂತುಹೋಗಿದ್ದರೆ ಬರವೂ ಕಾರಣವಿರಬಹುದು. 1898ರಲ್ಲಿ ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗೂ, 1918ರ ಇನ್‌ಫ್ಲುಯೆಂಜವೂ ಹೀಗೆಯೇ ಕೊಂಬೆಗಳನ್ನು ಕಡಿದಿವೆ.

ಕಾಗದವಿಲ್ಲದ ಕಡತವೂ ಒಂದುಂಟು. ಎತ್ತಿನ ಮೇಲೆ ಕುಳಿತು ಊರೂರು ಸುತ್ತುತ್ತಿದ್ದ ಹೆಳವರು, ಒಕ್ಕಲು ಮನೆಗಳ ಮುಂದೆ ನಿಂತು ಆ ಮನೆತನ ಎಲ್ಲಿಂದ ಬಂತು, ಯಾರಿಗೆ ಯಾರು ಹುಟ್ಟಿದರು ಎಂದು ತಲೆಮಾರುಗಳನ್ನೇ ಒಪ್ಪಿಸುತ್ತಿದ್ದರು. ಬಳ್ಳಾರಿ ಹಾಗೂ ಮೈಸೂರು ಸೀಮೆಯ ಈ ವೃತ್ತಿಯನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಎದ್ದು ಕಾಣುತ್ತದೆ. ಭೂಮಿಯ ದಾಖಲೆ ಭೂಮಿಯಿದ್ದವರನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಕೂಲಿ ಮಾಡಿ ಬದುಕಿದವರ ಹೆಸರು ಅಲ್ಲಿಲ್ಲ. ಹೆಣ್ಣುಮಕ್ಕಳು ಬಹುಪಾಲು 'ಇಂಥವನ ಹೆಂಡತಿ'ಯಾಗಿಯೋ, ವಿಧವೆಯಾಗಿಯೋ ಬಂದು ಹೋಗುತ್ತಾರೆ. ಮದುವೆಯಾಗಿ ಹೋದವರು ಗೆರೆಯಿಂದಲೇ ಮಾಯವಾಗುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಬಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಆದ್ದರಿಂದ ವಂಶವೃಕ್ಷದಲ್ಲಿ ಅಕ್ಕ ತಂಗಿಯರ ಹೆಸರು ಬಿಡುವುದು ಬರೀ ಮರೆವಲ್ಲ, ಅನ್ಯಾಯ. ಮನೆಮನೆಗಳಲ್ಲಿ ಎಷ್ಟೋ ವ್ಯಾಜ್ಯಗಳಿಗೆ ಅದೇ ಬೀಜ.

ರಜೆಯಲ್ಲಿ ಮಕ್ಕಳು ಒಂದು ನೋಟ್‌ಬುಕ್ ಹಿಡಿದು ಅಜ್ಜಿಯ ಹತ್ತಿರ ಕೂರಲಿ. ಅಜ್ಜಿಯ ತವರೂರು ಯಾವುದು, ಅವರ ತಾಯಿಯ ಹೆಸರೇನು, ಎಷ್ಟು ಮಕ್ಕಳು ಹುಟ್ಟಿ ಎಷ್ಟು ಉಳಿದವು, ಬರಗಾಲದಲ್ಲಿ ಏನು ತಿಂದರು ಎಂದು ಕೇಳಲಿ. ಆಮೇಲೆ ಅಪ್ಪ ಅಮ್ಮನ ಜೊತೆ ಹೋಗಿ ಕಾಗದಗಳೊಡನೆ ತಾಳೆ ನೋಡಲಿ. ಮಾತಿಗೂ ಕಾಗದಕ್ಕೂ ಹೊಂದದಿದ್ದರೆ ಎರಡನ್ನೂ ಬರೆದಿಡಲಿ.

ಕಚೇರಿಯ ಕಡತವನ್ನು ಮುಂದಿನ ವರ್ಷವೂ ನೋಡಬಹುದು. ಅಜ್ಜಿಯನ್ನು ಮಾತ್ರ ಈ ವರ್ಷವೇ ಕೇಳಬೇಕು.