ಹೆಸರು ದಕ್ಷಿಣೆ, ಕೆಲಸ ವ್ಯಾಪಾರ



ಕಳೆದ ಸಂಚಿಕೆಯಲ್ಲಿ ಮದುವೆಯ ಊಟ, ಮಂಟಪ, ಅಲಂಕಾರಗಳ ಖರ್ಚಿನ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ತಾಯಿಯೊಬ್ಬರು ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಮ್ಮನ್ನು ತಡೆದು, "ಊಟದ ಲೆಕ್ಕ ಬರೆದಿರಿ, ಸರಿ. ಅದಕ್ಕೂ ಮೊದಲು ಕೊಡೋ ಲೆಕ್ಕ ಯಾಕೆ ಬರೀಲಿಲ್ಲ?" ಎಂದು ಕೇಳಿದರು. ಏನನ್ನು ಕೊಡುವ ಲೆಕ್ಕ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಆ ಪದವನ್ನು ಚರ್ಚಿನ ಅಂಗಳದಲ್ಲಿ ಬಾಯಿಬಿಟ್ಟು ಹೇಳಲು ನಮಗೆಲ್ಲ ಏನೋ ಸಂಕೋಚ. ಆದ್ದರಿಂದ ಈ ತಿಂಗಳು ಆ ಪದದಿಂದಲೇ ಆರಂಭಿಸೋಣ.

ಕನ್ನಡದಲ್ಲಿ ನಾವು ಅದನ್ನು ವರದಕ್ಷಿಣೆ ಎನ್ನುತ್ತೇವೆ. ದಕ್ಷಿಣೆ ಎಂದರೆ ಗುರುಹಿರಿಯರಿಗೆ ಗೌರವದಿಂದ ಕೊಡುವಂಥದ್ದು. ಅಲ್ಲಿ ಚೌಕಾಸಿಗೆ ಜಾಗವಿಲ್ಲ. ಸುಮಾರು ನೂರು ವರ್ಷಗಳ ಹಿಂದೆ ತೆಲುಗಿನ ನಾಟಕಕಾರ ಕಾಳ್ಳಕೂರಿ ನಾರಾಯಣರಾವ್ ಅವರು ಇದೇ ವಿಷಯದ ಮೇಲೆ ನಾಟಕ ಬರೆದು, ಅದಕ್ಕೆ 'ವರವಿಕ್ರಯಂ' ಎಂದು ಹೆಸರಿಟ್ಟರು. ವಿಕ್ರಯ ಎಂದರೆ ಮಾರಾಟ. ವರನ ಮಾರಾಟ! ಅವರಿಗೆ ಸಂಕೋಚವಿರಲಿಲ್ಲ. ಆ ನಾಟಕವನ್ನು ಕಲ್ಕತ್ತೆಯ ಈಸ್ಟ್ ಇಂಡಿಯಾ ಫಿಲ್ಮ್ ಕಂಪನಿಯವರು ಸಿ. ಪುಲ್ಲಯ್ಯನವರ ನಿರ್ದೇಶನದಲ್ಲಿ 1939ರಲ್ಲಿ ಚಲನಚಿತ್ರ ಮಾಡಿದರು. ಮುಂದೆ ದಕ್ಷಿಣ ಭಾರತದಲ್ಲೆಲ್ಲ ಹೆಸರಾದ ಭಾನುಮತಿಯವರಿಗೆ ಅದೇ ಮೊದಲ ಚಿತ್ರ. ಆಗ ಅವರಿನ್ನೂ ಹದಿಹರೆಯದ ಹುಡುಗಿ.

ಈಚೆಗೆ ಆ ಹಳೆಯ ಚಿತ್ರವನ್ನು ಮನೆಯಲ್ಲಿ ಎಲ್ಲರೂ ಕೂತು ನೋಡಿದೆವು. ನಮಗೆ ತೆಲುಗು ಅಷ್ಟಾಗಿ ಬಾರದು. ಆದರೂ ಕಥೆ ಅರ್ಥವಾಗಲು ಕಷ್ಟವೇನಾಗಲಿಲ್ಲ, ಏಕೆಂದರೆ ಅದು ನಮಗೆ ಗೊತ್ತಿರುವ ಕಥೆಯೇ.

ಪುರುಷೋತ್ತಮರಾವ್ ಎಂಬ ಗೃಹಸ್ಥರಿಗೆ ಕಾಳಿಂದಿ, ಕಮಲಾ ಎಂಬ ಇಬ್ಬರು ಹೆಣ್ಣುಮಕ್ಕಳು. ವರನಿಗೆ ಹಣ ಕೊಡುವುದು ಅವರಿಗೆ ಇಷ್ಟವಿಲ್ಲ. ಆದರೆ ಮಗಳ ವಯಸ್ಸು ನಿಲ್ಲುತ್ತದೆಯೇ? ಕೊನೆಗೆ ಸಿಂಗರಾಜು ಲಿಂಗರಾಜು ಎಂಬ ಜಿಪುಣ ಸಾಹುಕಾರನ ಮಗ ಬಸವರಾಜುವಿಗೆ ದೊಡ್ಡ ಮಗಳನ್ನು ಕೊಡಲು ಒಪ್ಪಿ, ಇದ್ದ ಜಮೀನನ್ನು ಕೈಬಿಟ್ಟು ಹಣ ಹೊಂದಿಸುತ್ತಾರೆ. ತನ್ನಿಂದಾಗಿ ಅಪ್ಪ ಬರಿಗೈಯಾದರಲ್ಲ ಎಂಬ ಸಂಕಟ ತಾಳಲಾರದೆ ಕಾಳಿಂದಿ ಪ್ರಾಣ ಬಿಡುತ್ತಾಳೆ. ಲಿಂಗರಾಜು ಪಡೆದ ಹಣವನ್ನು ಮಾತ್ರ ಹಿಂತಿರುಗಿಸುವುದಿಲ್ಲ. ಆಗ ತಂಗಿ ಕಮಲಾ ಅದೇ ವರನನ್ನು ತಾನೇ ಮದುವೆಯಾಗುತ್ತೇನೆ ಎನ್ನುತ್ತಾಳೆ. ಮದುವೆಯಾದ ಮೇಲೆ ಗಂಡನ ಮನೆಗೆ ಹೋಗಲು ಒಪ್ಪುವುದಿಲ್ಲ. ವಿಷಯ ನ್ಯಾಯಾಲಯಕ್ಕೆ ಹೋದಾಗ ಅವಳ ವಾದ ಬಹಳ ಸರಳ: ನಾವು ಬೆಲೆ ಕೊಟ್ಟು ವರನನ್ನು ಕೊಂಡಿದ್ದೇವೆ, ಕೊಂಡ ವಸ್ತು ಕೊಂಡವರ ಮನೆಗೆ ಬರಬೇಕಲ್ಲವೇ?

ನಾವು ಈ ದೃಶ್ಯದಲ್ಲಿ ನಕ್ಕೆವು. ಆಮೇಲೆ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕಮಲಾ ಹೊಸದೇನನ್ನೂ ಹೇಳಿರಲಿಲ್ಲ. ಎಲ್ಲರೂ ದಕ್ಷಿಣೆ ಎನ್ನುತ್ತಿದ್ದುದನ್ನು ಅದರ ನಿಜವಾದ ಹೆಸರು ಹಿಡಿದು ಕರೆದಿದ್ದಳು, ಅಷ್ಟೇ.

ಇದು ಅನಾದಿ ಕಾಲದಿಂದ ಬಂದ ಪದ್ಧತಿ, ನಾವೇನು ಮಾಡುವುದು ಎಂದು ಕೆಲವರು ಹೇಳುತ್ತಾರೆ. ಹಾಗೇನೂ ಇಲ್ಲ. ತೆಲುಗಿನಲ್ಲೇ 1892ರಲ್ಲಿ ಮೊದಲು ರಂಗಕ್ಕೆ ಬಂದ ಗುರಜಾಡ ಅಪ್ಪಾರಾಯರ 'ಕನ್ಯಾಶುಲ್ಕಂ' ನಾಟಕದಲ್ಲಿ ಹಣ ಹೋಗುತ್ತಿದ್ದುದು ಹುಡುಗಿಯ ತಂದೆಗೆ. ನಮ್ಮ ಕನ್ನಡದಲ್ಲೂ 1887ರಷ್ಟು ಹಿಂದೆಯೇ ಬಂದ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' ಹೆಣ್ಣನ್ನು ಹಣಕ್ಕೆ ಮಾರುವ ಪದ್ಧತಿಯನ್ನೇ ಗೇಲಿ ಮಾಡಿದ ನಾಟಕ. ಅಂದರೆ ಒಂದು ಕಾಲದಲ್ಲಿ ಕೆಲವು ಸಮುದಾಯಗಳಲ್ಲಿ ವಧುವಿಗೆ ಬೆಲೆ ಕಟ್ಟುತ್ತಿದ್ದರು. 'ವರವಿಕ್ರಯಂ' ಬರುವ ಹೊತ್ತಿಗೆ ಓದಿದ, ನೌಕರಿಯ ವರನಿಗೆ ಬೆಲೆ ಬಂದಿತ್ತು. ದಿಕ್ಕು ಬದಲಾಯಿತು, ವ್ಯಾಪಾರ ನಿಲ್ಲಲಿಲ್ಲ. ಮನುಷ್ಯರು ಆರಂಭಿಸಿದ್ದನ್ನು ಮನುಷ್ಯರು ನಿಲ್ಲಿಸಲೂಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಚಿತ್ರದ ಗುಂಗು ಮನಸ್ಸಿನಲ್ಲಿದ್ದಾಗಲೇ ನಾವು ತಮಿಳುನಾಡಿನ ಕರುಮತ್ತಂಪಟ್ಟಿಗೆ, ಅಲ್ಲಿನ ಜಪಸರ ಮಾತೆಯ ಬಸಿಲಿಕಕ್ಕೆ ಹೋಗಿಬಂದೆವು. ಕೊಯಮತ್ತೂರಿನಿಂದ ಸೇಲಂ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಊರು ಅದು. ಅದಕ್ಕೆ ತಾಗಿದಂತೆ ಸೋಮನೂರು. ಒಂದು ಬೀದಿ ಹೊಕ್ಕರೆ ಸಾಕು, ಎರಡೂ ಕಡೆಯಿಂದ ವಿದ್ಯುತ್ ಮಗ್ಗಗಳ ಸದ್ದು. ಆ ಸದ್ದಿನ ನಡುವೆ ಕನ್ನಡವೂ ಕಿವಿಗೆ ಬಿದ್ದಾಗ ನಮಗೆ ಆಶ್ಚರ್ಯ. ಆಶ್ಚರ್ಯಪಡಬೇಕಾಗಿರಲಿಲ್ಲ. ಕೊಯಮತ್ತೂರು ಸೀಮೆಯಲ್ಲಿ ನೇಯ್ಗೆಯನ್ನು ಕುಲಕಸುಬಾಗಿ ಹಿಡಿದ ದೇವಾಂಗ ಮನೆಗಳಲ್ಲಿ ತಲೆತಲಾಂತರದಿಂದ ಕನ್ನಡ ಉಳಿದಿದೆ. ಹೊರಗೆ ತಮಿಳು, ಒಳಗೆ ಕನ್ನಡ.

ಅಂಥ ಒಂದು ಮನೆಯಲ್ಲಿ ನೀರು ಕೇಳಿದ ನಮಗೆ ಕಾಫಿಯೇ ಸಿಕ್ಕಿತು. ಮಗ್ಗ ಅವರದು, ನೂಲು ಅವರದಲ್ಲ. ವ್ಯಾಪಾರಿಗಳು ಹಾಸು ಹೊಕ್ಕಿನ ನೂಲು ಕೊಡುತ್ತಾರೆ, ಇವರು ನೇಯ್ದು ಬಟ್ಟೆ ಹಿಂದಕ್ಕೆ ಕೊಟ್ಟು ಕೂಲಿ ಪಡೆಯುತ್ತಾರೆ. ಸೋಮನೂರಿನ ಬಹುಪಾಲು ಮಗ್ಗಗಳು ನಡೆಯುವುದು ಹೀಗೆಯೇ. ಈ ಕೂಲಿಗಾಗಿ ಅವರು ಪಟ್ಟ ಪಾಡು ಪತ್ರಿಕೆಗಳಲ್ಲಿ ಬಂದಿದೆ. 2021ರ ನವೆಂಬರಿನಲ್ಲಿ ಘೋಷಣೆಯಾದ ಕೂಲಿ ಏರಿಕೆ ಕೈಗೆ ಬಾರದೆ 2022ರ ಆರಂಭದಲ್ಲಿ ಮಗ್ಗಗಳು ನಿಂತವು. 2025ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಮತ್ತೆ ನಿಂತವು, ಸೋಮನೂರಿನಲ್ಲಿ ಉಪವಾಸ ಮುಷ್ಕರವೂ ನಡೆಯಿತು. ಆ ಮನೆಯ ಅಮ್ಮ ತಮಿಳು ಬೆರೆತ ಕನ್ನಡದಲ್ಲಿ ಹೇಳಿದ ಮಾತಿನ ಸಾರ ಇಷ್ಟು: "ನಮಗೆ ಕೂಲಿ ಸಿಗೋದು ಮೀಟರ್ ಲೆಕ್ಕದಲ್ಲಿ. ಹುಡುಗನ ಮನೆಯವರು ಕೇಳೋದು ಪವನ್ ಲೆಕ್ಕದಲ್ಲಿ." ಒಂದು ಪವನ್ ಎಂದರೆ ಎಂಟು ಗ್ರಾಂ ಚಿನ್ನ. ಒಂದು ಪವನ್ ಚಿನ್ನಕ್ಕೆ ಎಷ್ಟು ಮೀಟರ್ ಬಟ್ಟೆ ನೇಯಬೇಕು? ಆ ಲೆಕ್ಕವನ್ನು ಅವರು ಮಾಡಿದ್ದರೋ ಇಲ್ಲವೋ, ಕೇಳುವ ಧೈರ್ಯ ನಮಗಾಗಲಿಲ್ಲ.

ಇದೇ ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡಿಗಲ್ ಜಿಲ್ಲೆಗಳ ನೂಲಿನ ಗಿರಣಿಗಳಲ್ಲಿ ಇನ್ನೊಂದು ಪದ್ಧತಿ ಬೆಳೆಯಿತು. ಅದರ ಹೆಸರು 'ಸುಮಂಗಲಿ ಯೋಜನೆ'. ಬಡ ಮನೆಗಳ ಹದಿಹರೆಯದ ಹುಡುಗಿಯರನ್ನು ಸಾಮಾನ್ಯವಾಗಿ ಮೂರು ವರ್ಷಗಳ ಒಪ್ಪಂದದ ಮೇಲೆ ಕರೆತರುವುದು, ಗಿರಣಿಯ ಹಾಸ್ಟೆಲಿನಲ್ಲೇ ಇರಿಸುವುದು, ತಿಂಗಳಿಗೆ ಅಲ್ಪಸ್ವಲ್ಪ ಕೊಟ್ಟು, ಅವಧಿ ಮುಗಿದಾಗ ಮೂವತ್ತರಿಂದ ಐವತ್ತು ಸಾವಿರ ರೂಪಾಯಿಯಷ್ಟು ಗಂಟು ಕೊಡುವುದು. ಆ ಗಂಟು ಯಾತಕ್ಕೆ? ಅವಳ ಮದುವೆಗೆ. ಆರೋಗ್ಯ ಕೆಟ್ಟು ನಡುವೆ ಬಿಟ್ಟುಬಂದರೆ ಎಷ್ಟೋ ಹುಡುಗಿಯರಿಗೆ ಆ ಗಂಟು ಸಿಗುತ್ತಿರಲಿಲ್ಲ. ಹೊರಗೆ ಹೋಗಿಬರಲು, ಮನೆಯವರೊಡನೆ ಮಾತನಾಡಲು ಕೂಡ ಕಟ್ಟುಪಾಡು. 2011ರಲ್ಲಿ ನೆದರ್‌ಲ್ಯಾಂಡಿನ ಎರಡು ಸಂಸ್ಥೆಗಳು ಈ ಬಗ್ಗೆ ಪ್ರಕಟಿಸಿದ ವರದಿಯಿಂದ ವಿಷಯ ಹೊರದೇಶಗಳಿಗೂ ತಿಳಿಯಿತು. ಟೀಕೆ ಹೆಚ್ಚಿದ ಮೇಲೆ ಆ ಹೆಸರನ್ನು ಬಳಸುವುದು ಕಡಿಮೆಯಾಯಿತು.

ಚಿತ್ರದ ಕಾಳಿಂದಿಗೂ ಈ ಹುಡುಗಿಯರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅಲ್ಲಿ ಅಪ್ಪ ಜಮೀನು ಮಾರಿದ. ಇಲ್ಲಿ ಮಾರಲು ಜಮೀನೇ ಇಲ್ಲದ ಅಪ್ಪ ಮಗಳ ಮೂರು ವರ್ಷಗಳನ್ನು ಅಡವಿಟ್ಟ. ಓದುವ ವಯಸ್ಸಿನ ಹುಡುಗಿ ರಾತ್ರಿ ಪಾಳಿಯಲ್ಲಿ ನಿಂತು, ಹತ್ತಿಯ ಧೂಳು ಕುಡಿದು, ತನ್ನನ್ನು ಮದುವೆಯಾಗುವ ಯಾರೋ ಗೊತ್ತಿಲ್ಲದವನ ಬೆಲೆಯನ್ನು ತಾನೇ ದುಡಿಯಬೇಕು. ಅದಕ್ಕಿಟ್ಟ ಹೆಸರು ಸುಮಂಗಲಿ! ಹೆಸರು ಚೆನ್ನಾಗಿದ್ದಷ್ಟೂ ಒಳಗಿರುವುದನ್ನು ಯಾರೂ ಬಿಚ್ಚಿ ನೋಡುವುದಿಲ್ಲ.

ಇದೆಲ್ಲ ಬೇರೆಯವರ ಕಥೆ, ನಮ್ಮಲ್ಲಿ ಮದುವೆ ಒಂದು ಸಂಸ್ಕಾರ ಎಂದು ಸಮಾಧಾನಪಟ್ಟುಕೊಳ್ಳೋಣವೇ? ಕೇರಳದ ಕಡೆ ನೋಡಿ. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯಿದೆಯ ಪ್ರಕಾರ ತಂದೆಯ ಆಸ್ತಿಯಲ್ಲಿ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಸ್ತ್ರೀಧನ ಕೊಟ್ಟಿದ್ದರೆ ಅದೂ ಇಲ್ಲ. ಮೇರಿ ರಾಯ್ ಎಂಬ ಕ್ರೈಸ್ತ ಮಹಿಳೆ ಇದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದು 1986ರಲ್ಲಿ ಗೆದ್ದರು. ನಮ್ಮ ಕರ್ನಾಟಕದ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗನಿಗೂ ಮಗಳಿಗೂ ಅದರಲ್ಲಿ ಸಮಪಾಲು. "ಮದುವೆಯಲ್ಲಿ ಕೊಟ್ಟಾಯ್ತಲ್ಲ, ಇನ್ನು ಅವಳಿಗೇನು ಪಾಲು?" ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ ಮದುವೆಯಲ್ಲಿ ಕೊಟ್ಟದ್ದು ಅವಳ ಕೈಗೆ ಹೋಯಿತೇ? ಅತ್ತೆಮನೆಯ ಸಾಲಕ್ಕೆ, ನಾದಿನಿಯ ಮದುವೆಗೆ, ಗಂಡನ ಬೈಕಿಗೆ ಹೋದದ್ದನ್ನು ಮಗಳ ಪಾಲು ಎನ್ನಬಹುದೇ?

ಕಾನೂನು ಕೂಡ ಇದೇ ಪ್ರಶ್ನೆ ಕೇಳುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ವರದಕ್ಷಿಣೆ ಕೊಡುವುದು, ತೆಗೆದುಕೊಳ್ಳುವುದು ಎರಡೂ ಅಪರಾಧ. ವಿಶೇಷ ಕಾರಣವಿಲ್ಲದಿದ್ದರೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. ಒಂದು ವೇಳೆ ಯಾರಾದರೂ ಪಡೆದಿದ್ದರೆ, ಗೊತ್ತುಪಡಿಸಿದ ಮೂರು ತಿಂಗಳ ಅವಧಿಯೊಳಗೆ ಅದನ್ನು ವಧುವಿಗೆ ಒಪ್ಪಿಸಬೇಕು. ಅಲ್ಲಿಯವರೆಗೆ ಅದು ಅವಳಿಗಾಗಿ ಕಾಯ್ದಿಟ್ಟ ಆಸ್ತಿ. ಹೀಗಿದ್ದೂ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು 6,400ಕ್ಕೂ ಹೆಚ್ಚು. ದಿನಕ್ಕೆ ಹದಿನೇಳಕ್ಕಿಂತ ಹೆಚ್ಚು ಮನೆಗಳಲ್ಲಿ ಒಬ್ಬ ಕಾಳಿಂದಿ.

ಕತ್ತಲೆಯ ಮಾತೇ ಆಯಿತು, ಒಂದು ಒಳ್ಳೆಯ ಮಾತನ್ನೂ ಹೇಳುತ್ತೇವೆ. ತಮಿಳುನಾಡು ಸರ್ಕಾರ 1989ರಲ್ಲಿ ಮೂವಲೂರು ರಾಮಾಮೃತಂ ಅಮ್ಮಾಳ್ ಅವರ ಹೆಸರಿನಲ್ಲಿ ಬಡ ಹೆಣ್ಣುಮಕ್ಕಳ ಮದುವೆಗೆ ನೆರವು ಕೊಡುವ ಯೋಜನೆ ತಂದಿತು. ಮುಂದೆ ಹಣದ ಜೊತೆಗೆ ತಾಳಿಗೆ ಚಿನ್ನವನ್ನೂ ಕೊಟ್ಟರು. 2022ರಲ್ಲಿ ಆ ಯೋಜನೆಯನ್ನೇ ಬದಲಾಯಿಸಿ, ಅದೇ ತಾಯಿಯ ಹೆಸರಿನಲ್ಲಿ, ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಯರಿಗೆ ತಿಂಗಳಿಗೆ 1,000 ರೂಪಾಯಿ ಅವರ ಬ್ಯಾಂಕ್ ಖಾತೆಗೇ ಹಾಕತೊಡಗಿದರು. ಮದುವೆಗೆಂದು ಇಟ್ಟ ಹಣ ಓದಿಗೆ ಹೋಯಿತು. ಸೋಮನೂರಿನ ಆ ಅಮ್ಮನ ಮಗಳೂ ಈಗ ಕಾಲೇಜಿನಲ್ಲಿದ್ದಾಳೆ. "ಮೊದಲು ಅವಳು ದುಡೀಲಿ, ಆಮೇಲೆ ನೋಡೋಣ" ಎಂದು ಹೇಳುವಾಗ ಆ ಅಮ್ಮನ ದನಿಯಲ್ಲಿ ಮೊದಲಿನ ದುಗುಡವಿರಲಿಲ್ಲ.

ಒಂದು ಸರ್ಕಾರಕ್ಕೆ ಸಾಧ್ಯವಾದದ್ದು ಒಂದು ಮನೆಗೆ ಸಾಧ್ಯವಾಗದೇ? ನಮ್ಮ ಕುಟುಂಬಗಳ ಮುಂದೆ ಮೂರೇ ಮಾತುಗಳನ್ನು ಇಡುತ್ತೇವೆ.

ಮೊದಲನೆಯದು ಗಂಡುಮಕ್ಕಳ ತಂದೆತಾಯಿಗೆ. "ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಹಾಕೋದನ್ನ ಹಾಕಿ" ಎಂಬ ಮಾತು ನಮಗೆಲ್ಲ ಗೊತ್ತು. ಅದರ ಮೊದಲರ್ಧ ಸುಳ್ಳು, ಎರಡನೆಯರ್ಧ ಬೇಡಿಕೆ. "ನಮಗೇನೂ ಬೇಡ" ಎಂದು ಹೇಳಿ ಅಲ್ಲಿಗೇ ನಿಲ್ಲಿಸಿಬಿಡಿ. ಅದೂ ಹೆಣ್ಣಿನವರು ಬಾಯಿ ತೆರೆಯುವ ಮುಂಚೆಯೇ, ಚರ್ಚಿನಲ್ಲಿ ವಿವಾಹ ಪ್ರಕಟಣೆ ಓದುವ ಮುಂಚೆಯೇ.

ಎರಡನೆಯದು ಹೆಣ್ಣುಮಕ್ಕಳ ತಂದೆತಾಯಿಗೆ. ಯಾರೂ ಕೇಳದೆ, ಪ್ರೀತಿಯಿಂದ, ನಿಮ್ಮ ಶಕ್ತಿಗೆ ತಕ್ಕಂತೆ ಮಗಳಿಗೆ ಏನಾದರೂ ಕೊಟ್ಟರೆ ಅದನ್ನು ಪಟ್ಟಿ ಮಾಡಿ, ಅವಳ ಹೆಸರಿನಲ್ಲೇ ಇರಲಿ. ಕಾನೂನು ಕೂಡ ಈ ಪಟ್ಟಿಯನ್ನು ಕೇಳುತ್ತದೆ. ಅದಕ್ಕಿಂತ ಮುಖ್ಯ, ಹಿಂಸೆಯಾದರೆ ಅವಳು ತವರಿಗೆ ಬರಬಹುದು ಎಂಬುದು ಅವಳಿಗೆ ಮದುವೆಗೆ ಮೊದಲೇ ಗೊತ್ತಿರಲಿ. "ಹೊಂದಿಕೊಂಡು ಹೋಗು" ಎಂದು ಹೇಳುವ ಮುಂಚೆ ಅವಳ ಮುಖವನ್ನೊಮ್ಮೆ ನೋಡಿ. ತವರಿಗೂ ಹೇಳಲಾಗದ ಮಗಳಿಗೆ 181 ಎಂಬ ಮಹಿಳಾ ಸಹಾಯವಾಣಿಯ ಸಂಖ್ಯೆ ತಿಳಿದಿರಲಿ.

ಮೂರನೆಯದು ಮದುವೆಯ ವಯಸ್ಸಿಗೆ ಬಂದ ನಮ್ಮ ಗಂಡುಮಕ್ಕಳಿಗೆ. ಚಿತ್ರದಲ್ಲಿ ಎಲ್ಲ ಅನಾಹುತ ನಡೆಯುವಾಗಲೂ ಬೆಲೆ ಹಚ್ಚಿಸಿಕೊಂಡ ಬಸವರಾಜು ಬೇಡವೆನ್ನಲಿಲ್ಲ. ಅವನೊಬ್ಬ ಎದ್ದು ನಿಂತು "ನಾನು ಮಾರಾಟಕ್ಕಿಲ್ಲ" ಎಂದಿದ್ದರೆ ಕಾಳಿಂದಿ ಉಳಿಯುತ್ತಿದ್ದಳು. ಆ ಮಾತು ಹೇಳಲು ನ್ಯಾಯಾಲಯ ಬೇಡ, ಅಪ್ಪ ಅಮ್ಮನ ಎದುರು ಒಂದು ಸಂಜೆ ಸಾಕು.

ಅಂಗಳದಲ್ಲಿ ನಮ್ಮನ್ನು ತಡೆದ ತಾಯಿಗೆ ಇಬ್ಬರು ಹೆಣ್ಣುಮಕ್ಕಳೆಂದು ಆಮೇಲೆ ತಿಳಿಯಿತು. ಅಮ್ಮಾ, ನೀವು ಕೇಳಿದ ಲೆಕ್ಕವನ್ನು ಬರೆದಿದ್ದೇವೆ. ಅದನ್ನು ತೀರಿಸಬೇಕಾದವರು ನೀವಲ್ಲ, ಗಂಡುಮಕ್ಕಳನ್ನು ಹೆತ್ತ ನಾವು.